ಅನಾಹೈಮ್‌ನ ಬೇಸ್‌ಬಾಲ್ ಮೈದಾನ ಮತ್ತು ನಮ್ಮಣ್ಣನ ಚೇಣಿ

ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಹೋದವರೆಲ್ಲ ಡಿಸ್ನಿಲ್ಯಾಂಡ್ ಬಗ್ಗೆ ಬರೆಯುತ್ತಾರೆ. ನಾನೂ ಹೋಗಿದ್ದೆ, ಕಾಲು ನೋಯುವಷ್ಟು ಸುತ್ತಿದೆ, ಚೆನ್ನಾಗಿದೆ. ಆದರೆ ಊರಿಗೆ ಬಂದ ಮೇಲೂ ನನಗೆ ಮತ್ತೆ ಮತ್ತೆ ನೆನಪಾಗುವುದು ಅದೇ ಊರಿನ ಇನ್ನೊಂದು ಜಾಗ. ಡಿಸ್ನಿಲ್ಯಾಂಡಿನಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ, ಏಂಜಲ್ ಸ್ಟೇಡಿಯಂ. ಬೇಸ್‌ಬಾಲ್ ಮೈದಾನ.

ಬೇಸ್‌ಬಾಲ್ ನನಗೆ ಗೊತ್ತಿರಲಿಲ್ಲ. ಹೋದದ್ದು ಮೊಮ್ಮಗನ ಹಟಕ್ಕೆ. ಹನ್ನೊಂದು ವರ್ಷದ ಹುಡುಗ, ಶಾಲೆ ಮುಗಿದರೆ ಅದೇ ಆಟ, ಅದೇ ಮಾತು. ಹೊರಡುವಾಗ ಅಳಿಯಂದಿರು, "ಅತ್ತೆ, ಮೂರು ಗಂಟೆ ಆಟ. ಬೋರ್ ಆದ್ರೆ ಹೇಳಿ, ಐದನೇ ಇನಿಂಗ್ಸಿಗೇ ಎದ್ದು ಬರೋಣ" ಅಂದರು. ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಬೋರ್ ಆದರೂ ಬೆಲ್ ಹೊಡೆಯುವವರೆಗೆ ಕೂತು ಅಭ್ಯಾಸ.

ಅರ್ವೈನಿನಿಂದ ಹೊರಟು ಫ್ರೀವೇ ಹಿಡಿದರೆ ದೂರದಿಂದಲೇ ಕಾಣುವುದು ಕಬ್ಬಿಣದ ದೊಡ್ಡ 'ಎ' ಅಕ್ಷರ. 230 ಅಡಿ ಎತ್ತರ, ತುದಿಯಲ್ಲಿ ದೇವದೂತರ ತಲೆಯ ಸುತ್ತ ಬರೆಯುತ್ತಾರಲ್ಲ, ಅಂಥ ಒಂದು ಪ್ರಭಾವಳಿ. ಏಂಜಲ್ಸ್ ತಂಡ ಗೆದ್ದ ರಾತ್ರಿ ಆ ಬಳೆ ಬೆಳಗುತ್ತದೆ, ಸೋತರೆ ಇಲ್ಲ. ಸ್ಟೇಡಿಯಂ ಶುರುವಾದದ್ದು 1966ರಲ್ಲಿ. ಈಗ ಆಡುತ್ತಿರುವ ಮೇಜರ್ ಲೀಗ್ ಮೈದಾನಗಳಲ್ಲಿ ಬಾಸ್ಟನ್, ಶಿಕಾಗೋ, ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಮೈದಾನ ಬಿಟ್ಟರೆ ಇದೇ ಹಳೆಯದು. ಪಕ್ಕದಲ್ಲೇ ಸಾಂಟಾ ಆನಾ ನದಿ. ನದಿ ಅಂತ ಅಳಿಯಂದಿರು ಹೇಳಿದ್ದಕ್ಕೆ ಗೊತ್ತಾಯಿತು. ಸಿಮೆಂಟಿನ ದಡದ ನಡುವೆ ಒಣಗಿದ ಮರಳು. ಶರಾವತಿ ಕಡೆಯವಳಿಗೆ ಅದನ್ನು ನದಿ ಅಂತ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಜಿಲ್ಲೆಯ ಹೆಸರೇ ಆರೆಂಜ್ ಕೌಂಟಿ. ಒಂದು ಕಾಲಕ್ಕೆ ಇಲ್ಲೆಲ್ಲ ಕಿತ್ತಳೆ ತೋಟಗಳಿದ್ದವಂತೆ. ಈಗ ತೋಟದ ಹೆಸರು ರಸ್ತೆಗಳಿಗೆ ಉಳಿದಿದೆ.

ಬಾಗಿಲಲ್ಲಿ ಎರಡು ದೈತ್ಯ ಕೆಂಪು ಟೋಪಿಗಳು, ಅದರ ನೆರಳಲ್ಲಿ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಒಳಗೆ ಹೋದರೆ ಕಣ್ಣಿಗೆ ತಂಪಾಗುವ ಹಸಿರು. ಎಡಗಡೆ ಬೇಲಿಯ ಆಚೆ ಬಂಡೆಗಳ ರಾಶಿ, ಅದರ ಮೇಲಿಂದ ಬೀಳುವ ನೀರು. ಬಂಡೆ ಅಸಲಿ ಅಲ್ಲ, ಮಾಡಿಸಿದ್ದು. ಜೋಗ ನೋಡಿದವರು ನಗಬಾರದು, ಸಂಜೆ ಬಿಸಿಲಿಗೆ ಅದೂ ಚಂದವೇ ಕಾಣುತ್ತಿತ್ತು.

ಮೊದಲು ಅಂಗಡಿಗೆ ಹೋದೆವು. ಮೊಮ್ಮಗನಿಗೆ ಜೆರ್ಸಿ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಬೆನ್ನಿನ ಮೇಲೆ ಯಾರ ಹೆಸರು ಬೇಕು ಅಂತ ಕೇಳಿದರೆ ಹುಡುಗ ಸುಮ್ಮನೆ ನಿಂತ. ಅವನ ಕಪಾಟಿನಲ್ಲಿ ಆಗಲೇ ಒಂದು ಇದೆ, 17ನೇ ನಂಬರಿನ ಶೋಹೇ ಒಟಾನಿಯದು. ಜಪಾನಿನ ಹುಡುಗ, ಬ್ಯಾಟೂ ಬೀಸುತ್ತಾನೆ, ಬೌಲಿಂಗೂ ಮಾಡುತ್ತಾನೆ, ಈ ಕಾಲದ ಅದ್ಭುತ. 2018ರಿಂದ 2023ರವರೆಗೆ ಇಲ್ಲೇ ಆಡಿದವನು ಕರಾರು ಮುಗಿದದ್ದೇ ಪಕ್ಕದ ಊರಿನ ಡಾಡ್ಜರ್ಸ್‌ಗೆ ಹೋಗಿಬಿಟ್ಟ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಹೋಗುತ್ತಾನೆ ಅನ್ನುವ ಸುಳಿವಿದ್ದರೂ ಆ ವರ್ಷ ಅವನನ್ನು ಬೇರೆ ತಂಡಕ್ಕೆ ಮಾರದೆ ಇಟ್ಟುಕೊಂಡ ಏಂಜಲ್ಸ್‌ಗೆ, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಅಜ್ಜಿ, ಹೆಸರೇ ಬೇಡ. ಪ್ಲೇನ್ ಸಾಕು" ಅಂದ ಮೊಮ್ಮಗ. ಹನ್ನೊಂದು ವರ್ಷಕ್ಕೇ ಹುಷಾರಾಗಿದ್ದಾನೆ.

ನಮ್ಮ ಸೀಟು ಮೇಲಿನ ಸಾಲಿನಲ್ಲಿ. ಪಕ್ಕದಲ್ಲಿ ಕೆಂಪು ಟೋಪಿಯ ಒಬ್ಬ ಅಜ್ಜ, ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಪ್ರತಿ ಎಸೆತಕ್ಕೂ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಚೌಕುಳಿ ಪುಸ್ತಕ ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ, ಕೇಳಿದೆ. ಅವರಿಗೂ ಕೇಳುವವರು ಬೇಕಿತ್ತು. ನಾನು ಕೊಟ್ಟ ಚಕ್ಕುಲಿ ಮುರಿಯುತ್ತಾ ಮೂರು ಗಂಟೆ ಪಾಠ ಮಾಡಿದರು. ಅವರ ಉಚ್ಚಾರ ನನಗೆ ತಿಳಿಯದಿದ್ದಾಗ, ನನ್ನದು ಅವರಿಗೆ ತಿಳಿಯದಿದ್ದಾಗ ಅಳಿಯಂದಿರು ನಡುವೆ ಬಂದರು.

"ಈ ತಂಡದ ಕಥೆ ಅರ್ಥವಾಗಬೇಕಾದರೆ ಆಟ ನೋಡಬೇಡಿ, ಚೆಕ್ ಪುಸ್ತಕ ನೋಡಿ" ಎಂದು ಶುರು ಮಾಡಿದರು.

ಕಥೆ ಹೀಗಿದೆ. ಏಂಜಲ್ಸ್ 2002ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ. ಮತ್ತೆ ಗೆಲ್ಲಲೇಬೇಕು ಅಂತ 2011ರ ಡಿಸೆಂಬರಿನಲ್ಲಿ ಆಲ್ಬರ್ಟ್ ಪೂಹೋಲ್ಸ್ ಎಂಬ ಆಟಗಾರನನ್ನು ಕರೆತಂದಿತು. ಆತ ಅದಕ್ಕೆ ಮುಂಚೆ ಹನ್ನೊಂದು ವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಆಡಿ 445 ಹೋಮ್ ರನ್ ಹೊಡೆದಿದ್ದ, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. ಏಂಜಲ್ಸ್ ಕೊಟ್ಟದ್ದು ಹತ್ತು ವರ್ಷಕ್ಕೆ 24 ಕೋಟಿ ಡಾಲರ್. ಈಗಿನ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಆಗ ಅವನಿಗೆ 32 ತುಂಬಲು ಒಂದು ತಿಂಗಳು ಬಾಕಿ.

ಅಜ್ಜ ಸ್ಕೋರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ವರ್ಷವಾರು ಸಂಬಳ ಬರೆದು ತೋರಿಸಿದರು. ಮೊದಲ ವರ್ಷ 1.2 ಕೋಟಿ ಡಾಲರ್, ಎರಡನೇ ವರ್ಷ 1.6, ಮೂರನೇ ವರ್ಷ 2.3. ಅಲ್ಲಿಂದ ವರ್ಷ ವರ್ಷ ಹತ್ತು ಲಕ್ಷ ಏರುತ್ತಾ ಹತ್ತನೇ ವರ್ಷ 3 ಕೋಟಿ. ಕೂಡಿಸಿ ನೋಡಿದೆ, 24 ಸರಿಯಾಗಿ ಬಂತು. ಲೆಕ್ಕ ಸರಿ ಇದೆ, ಆದರೆ ಬುದ್ಧಿ ಸರಿ ಇಲ್ಲ ಅನ್ನಿಸಿತು. ಮನುಷ್ಯನಿಗೆ ವಯಸ್ಸು ಏರುತ್ತದೆ, ಶಕ್ತಿ ಇಳಿಯುತ್ತದೆ. ಸಂಬಳ ಮಾತ್ರ ವಯಸ್ಸಿನ ಜೊತೆ ಮೇಲಕ್ಕೆ ಹತ್ತಿದೆ. ಮೂವತ್ತೆರಡಕ್ಕೆ 1.2, ನಲವತ್ತೊಂದಕ್ಕೆ 3.

"ಮಾಲೀಕರು ದಡ್ಡರೇನು?" ಅಂತ ಕೇಳಿದೆ.

"ಅಲ್ಲ. ಮೊದಲ ವರ್ಷಗಳಲ್ಲಿ ಗೆಲ್ಲೋಣ, ಕೊನೆಯ ವರ್ಷಗಳ ಚಿಂತೆ ಆಮೇಲೆ ಅಂತ ಎಲ್ಲರೂ ಹೀಗೇ ಮಾಡುತ್ತಾರೆ" ಅಂದರು. ಮೊದಲ ವರ್ಷಗಳಲ್ಲೂ ಗೆಲ್ಲಲಿಲ್ಲ. ಎರಡನೇ ವರ್ಷವೇ ಅವನ ಪಾದದ ನರ ಹರಿದು ಅರ್ಧಕ್ಕೇ ಕೂತ. ಸೇಂಟ್ ಲೂಯಿಸ್‌ನಲ್ಲಿ ನೂರು ಸಲ ಬ್ಯಾಟ್ ಹಿಡಿದರೆ ಸುಮಾರು 33 ಹಿಟ್ ಹೊಡೆಯುತ್ತಿದ್ದವನು ಇಲ್ಲಿ 26ಕ್ಕೆ ಇಳಿದ. ಅವನಿದ್ದ ಕಾಲದಲ್ಲಿ ತಂಡ ಪ್ಲೇಆಫ್ ಕಂಡದ್ದು ಒಂದೇ ಸಲ, 2014ರಲ್ಲಿ. ಆ ಸಲವೂ ಮೂರಕ್ಕೆ ಮೂರು ಪಂದ್ಯ ಸೋತು ಮನೆಗೆ. 2021ರ ಮೇ ತಿಂಗಳಲ್ಲಿ, ಕರಾರಿನ ಕೊನೆಯ ವರ್ಷ, ತಂಡವೇ ಅವನನ್ನು ಬಿಟ್ಟುಬಿಟ್ಟಿತು. ಹಣ ಮಾತ್ರ ಪೂರ್ತಿ ಕೊಡಬೇಕಿತ್ತು, ಕೊಟ್ಟರು.

ಇಲ್ಲಿ ನಮ್ಮ ಐಪಿಎಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಯಿತು. 2014ರ ಹರಾಜಿನಲ್ಲಿ ನಮ್ಮ ಬೆಂಗಳೂರು ತಂಡ ಯುವರಾಜ್ ಸಿಂಗ್‌ಗೆ 14 ಕೋಟಿ ಕೂಗಿತ್ತಲ್ಲ, ಒಂದು ಸೀಸನ್ ಆದ ಮೇಲೆ ಕೈಬಿಟ್ಟಿತು. ಹೋದರೆ ಒಂದು ವರ್ಷದ ದುಡ್ಡು. ಬೇಸ್‌ಬಾಲಿನಲ್ಲಿ ಸಹಿ ಹಾಕಿದ ಮೇಲೆ ಕರಾರಿನ ಹಣವೆಲ್ಲ ಖಾತರಿ. ಆಟಗಾರ ಆಡಲಿ, ಬಿದ್ದು ಕಾಲು ಮುರಿದುಕೊಳ್ಳಲಿ, ಹತ್ತು ವರ್ಷವೆಂದರೆ ಹತ್ತು ವರ್ಷ.

ಪೂಹೋಲ್ಸ್ ಬಂದ ಮರುವರ್ಷ ಜಾಶ್ ಹ್ಯಾಮಿಲ್ಟನ್, ಐದು ವರ್ಷಕ್ಕೆ 12.5 ಕೋಟಿ ಡಾಲರ್. ಎರಡೇ ಸೀಸನ್ ಆಡಿದ. ಮೊದಲೇ ವ್ಯಸನದ ಜೊತೆ ಹೋರಾಡಿ ಗೆದ್ದು ಬಂದವನು, ಮತ್ತೆ ಜಾರಿದ. 2015ರಲ್ಲಿ ಹಳೆಯ ತಂಡಕ್ಕೇ ಅವನನ್ನು ವಾಪಸು ಕಳಿಸಿದರು, ಉಳಿದ ಹಣದ ಬಹುಭಾಗ ಏಂಜಲ್ಸೇ ಕಟ್ಟಿತು. ಆಮೇಲೆ 2019ರ ಡಿಸೆಂಬರಿನಲ್ಲಿ ಆಂಟನಿ ರೆಂಡೋನ್, ಏಳು ವರ್ಷಕ್ಕೆ 24.5 ಕೋಟಿ. ಅದೇ ವರ್ಷ ವಾಷಿಂಗ್ಟನ್ ತಂಡದ ಜೊತೆ ವರ್ಲ್ಡ್ ಸೀರೀಸ್ ಗೆದ್ದು ಬಂದಿದ್ದ. ಒಂದರ ಹಿಂದೆ ಒಂದು ಗಾಯ. 2020ರಿಂದ 2024ರವರೆಗೆ ತಂಡ ಆಡಿದ್ದು 708 ಪಂದ್ಯ, ಅವನು ಆಡಿದ್ದು 257. ಕಳೆದ ವರ್ಷ ಜುಲೈನಲ್ಲಿ ನಾವು ಹೋದಾಗ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಆತ ಮೈದಾನದಲ್ಲೇ ಇರಲಿಲ್ಲ, ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ.

"ಅಜ್ಜಿ, ಅವ್ನು ಆಡೋದೇ ಇಲ್ಲ, ಆದ್ರೂ ಎಲ್ರಿಗಿಂತ ಜಾಸ್ತಿ ಸಂಬಳ" ಅಂದ ಮೊಮ್ಮಗ. ಅವನ ದನಿಯಲ್ಲಿ ತಮಾಷೆ ಇತ್ತು. ನನಗೆ ಮಾತ್ರ ಆ ಹೊತ್ತಿಗೆ ಆಟ ಕಣ್ಣ ಮುಂದಿಂದ ಹೋಗಿ, ಸಾಗರದ ಹತ್ತಿರದ ಒಂದು ತೋಟ ಬಂದು ನಿಂತಿತ್ತು.

ನಮ್ಮ ಕಡೆ ಚೇಣಿ ಅಂತ ಒಂದು ಪದ್ಧತಿ ಇದೆ. ಅಡಿಕೆ ತೋಟ ಒಬ್ಬರದು, ಮರದ ಮೇಲಿರುವ ಫಸಲನ್ನು ಇನ್ನೊಬ್ಬರು ಇಷ್ಟಕ್ಕೆ ಅಂತ ಮೊದಲೇ ವಹಿಸಿಕೊಳ್ಳುತ್ತಾರೆ. ಫಸಲು ಚೆನ್ನಾಗಿ ಬಂದರೆ ಚೇಣಿದಾರನಿಗೆ ಲಾಭ, ಕೊಳೆ ಬಂದರೆ ಅವನ ಹಣೆಬರಹ. ನಮ್ಮ ದೊಡ್ಡಣ್ಣ ಸಣ್ಣ ಹಿಡುವಳಿದಾರ, ಮನೆಯ ತೋಟದ ಜೊತೆ ಸಣ್ಣಪುಟ್ಟ ಚೇಣಿ ಹಿಡಿದು ನಾಲ್ಕು ಕಾಸು ನೋಡುತ್ತಿದ್ದ. ಒಂದು ವರ್ಷ ಪಕ್ಕದ ಊರಿನ ಒಂದು ತೋಟಕ್ಕೆ ಎಂದೂ ಬರದಂಥ ಫಸಲು ಬಂತು. ಕೊನೆಗಳ ಭಾರಕ್ಕೆ ಮರ ಬಾಗಿದ ಹಾಗೆ ಕಾಣುತ್ತಿತ್ತು ಅಂತ ಅವನೇ ಹೇಳುತ್ತಿದ್ದ. ಮುಂದಿನ ಮೂರು ವರ್ಷಕ್ಕೆ ಆ ತೋಟ ಕೊಡುತ್ತೇವೆ ಅಂದಾಗ ನಾಲ್ಕೈದು ಜನ ಬಂದು ಕೂತರು. ಅಣ್ಣ ಎಲ್ಲರಿಗಿಂತ ಮೇಲೆ ಹೋದ. ಕರಾರು ಬರೆದು, ಅತ್ತಿಗೆಯ ಬಳೆ ಇಟ್ಟು ಮುಂಗಡ ಕೊಟ್ಟ.

ಮೊದಲ ವರ್ಷ ಸಾಧಾರಣ. ಎರಡನೇ ವರ್ಷ ಆಷಾಢದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಬೋರ್ಡೋ ಹೊಡೆಯಲು ಎರಡು ದಿನದ ಹೊಳವೂ ಸಿಗಲಿಲ್ಲ. ಕೊಳೆರೋಗ ಬಂದು ಕಾಯಿ ಉದುರಿ ತೋಟದ ತುಂಬ ಹಾಸಿತು. ಮೂರನೇ ವರ್ಷ ಮರಗಳೇ ಸೋತಿದ್ದವು. ಕರಾರಿನ ಹಣ ಮಾತ್ರ ಒಂದು ಪೈಸೆ ಕಡಿಮೆಯಾಗಲಿಲ್ಲ. ಬಳೆ ಬಿಡಿಸಿಕೊಳ್ಳಲು ಅಣ್ಣನಿಗೆ ಒಂಬತ್ತು ವರ್ಷ ಬೇಕಾಯಿತು. ಮಗನ ಓದು ಪಿಯುಸಿಗೇ ನಿಂತಿತು.

ಅಣ್ಣ ಮಾಡಿದ ತಪ್ಪು ಏನು ಅಂತ ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಉತ್ತರ ಆ ಅಜ್ಜನ ಬಾಯಿಂದ ಬಂತು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹತ್ತು ಜನ ಒಂದೇ ವಸ್ತುವನ್ನು ನೋಡಿ ಬೆಲೆ ಅಂದಾಜು ಮಾಡುತ್ತಾರೆ ಅಂದುಕೊಳ್ಳಿ. ಕೆಲವರ ಅಂದಾಜು ಕಡಿಮೆ, ಕೆಲವರದು ಹೆಚ್ಚು, ನಿಜವಾದ ಬೆಲೆ ನಡುವೆ ಎಲ್ಲೋ ಇರುತ್ತದೆ. ಆದರೆ ಹರಾಜು ಗೆಲ್ಲುವವನು ನಡುವಿನವನಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು. ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವನೇ ಗೆಲ್ಲುವ ಸಂಭವ ಜಾಸ್ತಿ. ಇದಕ್ಕೆ ಗೆದ್ದವನ ಶಾಪ ಅಂತಲೇ ಹೆಸರಿದೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಸಮುದ್ರದ ತೈಲ ಹರಾಜುಗಳ ಬಗ್ಗೆ ಇದನ್ನು ಮೊದಲು ಬರೆದರಂತೆ. ಮೂವತ್ತೆರಡು ವರ್ಷ ಸರಾಸರಿ ಹೇಳಿಕೊಟ್ಟ ನನಗೆ ಇದು ಹೊಳೆದಿರಲಿಲ್ಲ.

ಇನ್ನೊಂದು ತಪ್ಪು, ಕಳೆದ ವರ್ಷದ ಫಸಲಿಗೆ ಮುಂದಿನ ವರ್ಷದ ಬೆಲೆ ಕಟ್ಟುವುದು. ಬೇಸ್‌ಬಾಲಿನಲ್ಲಿ ನಿಯಮವೇ ಹಾಗಿದೆ. ಮೇಜರ್ ಲೀಗಿನಲ್ಲಿ ಆರು ವರ್ಷದ ಸೇವೆ ಆಗುವವರೆಗೆ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವಂತಿಲ್ಲ. ಆರು ವರ್ಷ ಮುಗಿದರೆ ಫ್ರೀ ಏಜೆಂಟ್, ಯಾರು ಹೆಚ್ಚು ಕೊಟ್ಟರೆ ಅಲ್ಲಿಗೆ. ಇಪ್ಪತ್ತಮೂರಕ್ಕೆ ಆಟಕ್ಕಿಳಿದವನಿಗೆ ಆಗ ಇಪ್ಪತ್ತೊಂಬತ್ತು. ಮೈಯಲ್ಲಿ ಶಕ್ತಿ ತುಂಬಿದ ವರ್ಷಗಳು ಅಗ್ಗದಲ್ಲಿ ಮುಗಿದಿರುತ್ತವೆ, ಬೆಲೆ ಏರುವುದು ಶಕ್ತಿ ಇಳಿಯುವ ಹೊತ್ತಿಗೆ.

ಹಾಗಂತ ದುಬಾರಿ ಆಟಗಾರರೆಲ್ಲ ನಷ್ಟವೇ ಅಂತ ಅಲ್ಲ. 2008ರ ಕೊನೆಯಲ್ಲಿ ಇದೇ ಏಂಜಲ್ಸ್‌ನಿಂದ ಮಾರ್ಕ್ ಟೆಶೇರಾ ಎಂಬುವನನ್ನು ನ್ಯೂಯಾರ್ಕ್ ಯಾಂಕೀಸ್ 18 ಕೋಟಿ ಡಾಲರಿಗೆ ಕರೆದೊಯ್ದಿತು, ಮರುವರ್ಷವೇ ವರ್ಲ್ಡ್ ಸೀರೀಸ್ ಗೆದ್ದಿತು. ಒಟಾನಿ ಹೋದ ಮೇಲೆ ಡಾಡ್ಜರ್ಸ್ 2024, 2025 ಎರಡೂ ವರ್ಷ ಗೆದ್ದರು. ಆದರೆ ಈ ಎರಡು ತಂಡಗಳ ಬಳಿ ಒಬ್ಬ ಕೈಕೊಟ್ಟರೆ ತಡೆದುಕೊಳ್ಳುವಷ್ಟು ಬಲ ಇತ್ತು. ಹತ್ತು ತೋಟ ಇರುವವರು ಒಂದು ಚೇಣಿಯಲ್ಲಿ ಕಳೆದುಕೊಂಡರೂ ಮನೆ ನಡೆಯುತ್ತದೆ. ಅಣ್ಣನಿಗೆ ಇದ್ದದ್ದು ಅದೊಂದೇ.

ಟೆಶೇರಾ ಹೋದದ್ದಕ್ಕೆ ಏಂಜಲ್ಸ್‌ಗೆ ಪರಿಹಾರವಾಗಿ 2009ರ ಡ್ರಾಫ್ಟ್‌ನಲ್ಲಿ ಯಾಂಕೀಸ್‌ನ ಸರದಿ ಸಿಕ್ಕಿತು. 25ನೆಯ ಸರದಿ. ಅದರಲ್ಲಿ ಆರಿಸಿದ ಹದಿನೇಳರ ಹುಡುಗನೇ ಮೈಕ್ ಟ್ರೌಟ್, ಮುಂದೆ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದವನು. ಪೂಹೋಲ್ಸ್‌ನನ್ನು ಕಳೆದುಕೊಂಡ ಕಾರ್ಡಿನಲ್ಸ್‌ಗೆ 2012ರಲ್ಲಿ ಏಂಜಲ್ಸ್‌ನ ಸರದಿ ಹೋಯಿತು. ಅದರಲ್ಲಿ ಸಿಕ್ಕ ಮೈಕೆಲ್ ವಾಕಾ ಮರುವರ್ಷವೇ ಅವರನ್ನು ವರ್ಲ್ಡ್ ಸೀರೀಸ್‌ವರೆಗೆ ಕರೆದೊಯ್ದವರಲ್ಲಿ ಒಬ್ಬ. ಎರಡು ಸಲವೂ ದೊಡ್ಡ ಹೆಸರನ್ನು ಕಳೆದುಕೊಂಡವರ ಮನೆಗೆ ಸಣ್ಣ ಗಿಡ ಬಂತು. ಇದನ್ನು ಹೇಳುವಾಗ ಅಜ್ಜ ಪೆನ್ಸಿಲ್ ಕೆಳಗಿಟ್ಟಿದ್ದರು.

ಅಷ್ಟರಲ್ಲಿ ಆ ಟ್ರೌಟನೇ ಬ್ಯಾಟ್ ಹಿಡಿದು ಬಂದ. ಮೈದಾನವೆಲ್ಲ ಎದ್ದಿತು. 2019ರಲ್ಲಿ ಅವನ ಜೊತೆಗೂ ಹನ್ನೆರಡು ವರ್ಷದ ಹೊಸ ಕರಾರಾಗಿದೆ, 42.65 ಕೋಟಿ ಡಾಲರ್. 2021ರಿಂದ 2024ರವರೆಗಿನ 648 ಪಂದ್ಯಗಳಲ್ಲಿ ಅವನೂ ಆಡಿದ್ದು 266. ಮಂಡಿ ನೋವಿಗೆ ಆಗ ಫೀಲ್ಡಿಂಗ್ ಇರಲಿಲ್ಲ, ಬ್ಯಾಟಿಂಗ್ ಮಾತ್ರ. ನನ್ನ ಮಂಡಿಯೂ ಅದೇ ಕಥೆ ಹೇಳುತ್ತದೆ, ಆದ್ದರಿಂದ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವನು ಔಟಾದ. ಹಿಂದಿನ ಸಾಲಿನ ಯಾರೋ ಅವನ ಸಂಬಳ ಎತ್ತಿ ಬೈದರು.

ಬೈಗುಳ ಕೇಳಿ ನನಗೆ ಅಣ್ಣ ನೆನಪಾದ. ಕೊಳೆ ಬಂದ ವರ್ಷ ನಮ್ಮಮ್ಮ ಆ ತೋಟಕ್ಕೆ ಶಾಪ ಹಾಕಿದರೆ ಅಣ್ಣ, "ಮರದ್ದೇನು ತಪ್ಪಮ್ಮ? ಬೆಲೆ ಕಟ್ಟಿದವನು ನಾನು" ಅಂದಿದ್ದ. ಅದನ್ನು ಅಜ್ಜನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಒಪ್ಪಿದೆ. ಆದರೆ ಇವರು ಮರ ಅಲ್ಲ" ಅಂದರು. ಒಂದು ಕಾಲಕ್ಕೆ ಆಟಗಾರರನ್ನು ಮರದ ಹಾಗೇ ನೋಡುತ್ತಿದ್ದರಂತೆ. ಕರಾರು ಮುಗಿದರೂ ಮಾಲೀಕ ವರ್ಷ ವರ್ಷ ಮುಂದುವರಿಸಬಹುದು, ಆಟಗಾರನನ್ನು ಕೇಳದೆ ಬೇರೆ ಊರಿಗೆ ಕಳಿಸಬಹುದು. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಜನಾಂಗದ ಆಟಗಾರ ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ ಹೋಗುವುದಿಲ್ಲ, ನಾನೇನು ಕೊಂಡು ಮಾರುವ ಸ್ವತ್ತಲ್ಲ ಅಂತ ತಿರುಗಿ ನಿಂತ. ಸುಪ್ರೀಂ ಕೋರ್ಟಿನವರೆಗೆ ಹೋಗಿ 1972ರಲ್ಲಿ 5-3ರ ತೀರ್ಪಿನಲ್ಲಿ ಸೋತ, ಆಟದ ಬದುಕೂ ಮುಗಿಯಿತು. ಮೂರು ವರ್ಷದ ನಂತರ, 1975ರ ಡಿಸೆಂಬರಿನಲ್ಲಿ, ಇನ್ನಿಬ್ಬರು ಆಟಗಾರರ ದೂರಿನ ಮೇಲೆ ಪಂಚಾಯ್ತಿದಾರರೊಬ್ಬರು ಆಟಗಾರರ ಪರ ತೀರ್ಪು ಕೊಟ್ಟರು. ಇವತ್ತಿನ ಕೋಟಿಗಳ ಹಿಂದೆ ಅವನು ಕಳೆದುಕೊಂಡದ್ದು ಇದೆ. ಅದಕ್ಕೇ ಆಟಗಾರ ಸಿಕ್ಕಷ್ಟು ತೆಗೆದುಕೊಂಡರೆ ತಪ್ಪು ಅನ್ನಲಾರೆ ಅಂದರು ಅಜ್ಜ.

"ನೀವು ಯಾವತ್ತೂ ಬೈದಿಲ್ಲವಾ?" ಅಂತ ಕೇಳಿದೆ.

ನಕ್ಕರು. ಪೂಹೋಲ್ಸ್‌ನನ್ನು ಬೈದಿದ್ದರಂತೆ, ಬೇಕಾದಷ್ಟು. 2017ರ ಜೂನ್ 3ರ ಸಂಜೆ ಇದೇ ಮೈದಾನದಲ್ಲಿ ಆತ ಮೂರು ಬೇಸ್ ತುಂಬಿದ್ದಾಗ ತನ್ನ 600ನೇ ಹೋಮ್ ರನ್ ಹೊಡೆದ. ಅವತ್ತು ಕುಂಟುತ್ತಾ ಬೇಸ್ ಸುತ್ತುತ್ತಿದ್ದವನನ್ನು ನೋಡಿ ನಿಂತು ಅತ್ತೆ ಅಂದರು. ಏಂಜಲ್ಸ್ ಬಿಟ್ಟ ಮೇಲೆ 2022ರಲ್ಲಿ ಪೂಹೋಲ್ಸ್ ಸೇಂಟ್ ಲೂಯಿಸ್‌ಗೇ ಮರಳಿ, 42ನೇ ವಯಸ್ಸಿನಲ್ಲಿ 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ಬ್ಯಾಟ್ ಕೆಳಗಿಟ್ಟ. ಅಲ್ಲಿ ಅವನ ಸಂಬಳ ಬಹಳ ಕಡಿಮೆ ಇತ್ತು, ಯಾರೂ ಅದರ ಲೆಕ್ಕ ಕೇಳಲಿಲ್ಲ.

ಅವತ್ತು ಏಂಜಲ್ಸ್ ಸೋತರು. ಕಾರು ಹೊರಗೆ ತೆಗೆಯುವಾಗ ಆ ದೊಡ್ಡ 'ಎ' ಕತ್ತಲಲ್ಲಿ ನಿಂತಿತ್ತು, ಬಳೆ ಬೆಳಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗ ಹೆಸರಿಲ್ಲದ ಜೆರ್ಸಿ ಹಾಕಿಕೊಂಡೇ ನಿದ್ದೆ ಹೋಗಿದ್ದ.

ನೀವು ಆ ಕಡೆ ಹೋದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಇರುತ್ತದೆ, ಸೀಸನ್ನಿಗೆ 81 ಪಂದ್ಯ ಇಲ್ಲೇ. ಸಂಜೆ ಪಂದ್ಯಕ್ಕೆ ಹೋಗಿ, ಮೇಲಿನ ಸಾಲೇ ಸಾಕು, ಬೆಟ್ಟಗಳ ಹಿಂದೆ ಬಣ್ಣ ಬದಲಾಗುವುದು ಕಾಣುತ್ತದೆ. ಒಂದು ಸ್ವೆಟರ್ ಇರಲಿ, ಸೂರ್ಯ ಮುಳುಗಿದ ಮೇಲೆ ಚಳಿ.

ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿ ಅಣ್ಣನಿಗೆ ಎಲ್ಲ ಹೇಳಿದೆ. ಎಪ್ಪತ್ತಾರು ವರ್ಷ, ಕಿವಿ ಸ್ವಲ್ಪ ಮಂದ. ಎರಡು ಸಾವಿರ ಕೋಟಿ ಅಂತ ಎರಡು ಸಲ ಕೂಗಿ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅವರೂ ಮೂರು ವರ್ಷಕ್ಕೇ ಬರೆದುಕೊಟ್ಟಿದ್ರಾ?"

"ಇಲ್ಲ ಅಣ್ಣ, ಹತ್ತು ವರ್ಷಕ್ಕೆ."

"ಹತ್ತಾ!" ಅಂದವನು ಜೋರಾಗಿ ನಕ್ಕ. ಆ ಚೇಣಿಯ ಮಾತು ಬಂದಾಗ ಅವನು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ, ಮಳೆ ಹಿಡಿದಿದೆ, ಎರಡನೇ ಸಲದ ಬೋರ್ಡೋ ಇನ್ನೂ ಆಗಿಲ್ಲ, ಇಡುತ್ತೇನೆ ಅಂತ ಫೋನ್ ಇಟ್ಟ.